ಮಾವನ ಆರ್‌ಎಕ್ಸ್ 100 ಮನೆಯಲ್ಲೇ ಬಿಚ್ಚಿ ಕಟ್ಟಿದ್ದು

ಹಳೇ ಯಮಹಾ ಆರ್‌ಎಕ್ಸ್ 100 ಕೈಗೆ ಸಿಕ್ಕ ಕೂಡಲೇ ನಮ್ಮ ಬಳ್ಳಾರಿ ಹುಡುಗರು ಮೊದಲು ಟ್ಯಾಂಕಿಗೆ ಬಣ್ಣ ಹೊಡೆಸುತ್ತಾರೆ. ಆಮೇಲೆ ಸ್ಟಿಕರ್, ಹೊಸ ಸೀಟು, ಮಿಂಚುವ ಸೈಲೆನ್ಸರ್. ಎಂಜಿನ್ ವಿಚಾರ ಕೇಳಿದರೆ "ಸ್ಟಾರ್ಟ್ ಆಗ್ತೈತಲ್ಲಣ್ಣ, ಮತ್ತೇನು?" ಅನ್ನುತ್ತಾರೆ. ಒಳಗಿನ ಕೆಲಸ ಪೂರ್ತಿ ಮುಗಿಯುವ ತನಕ ಬಣ್ಣದ ಡಬ್ಬಿ ಮುಟ್ಟಬಾರದು ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಈ ಗಾಡಿಗೆ ಮರ್ಯಾದೆ ಬಂದಿರುವುದೇ ಅದರ 98 ಸಿಸಿ ಎಂಜಿನ್ನಿನಿಂದ. 11 ಹಾರ್ಸ್‌ಪವರ್, ಗಾಡಿಯ ತೂಕ ನೂರು ಕಿಲೋ ಆಸುಪಾಸು. 1985ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಇದನ್ನು ತಂದಾಗ ಮೊದಮೊದಲ ಗಾಡಿಗಳ ಭಾಗಗಳು ಜಪಾನಿನಿಂದಲೇ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. 1996ಕ್ಕೆ ತಯಾರಿಕೆ ನಿಂತಿತು. ಅಂದರೆ ಈಗ ಸಿಗುವ ಯಾವ ಆರ್‌ಎಕ್ಸ್ ಆದರೂ ಕಾಲು ಶತಮಾನ ದಾಟಿದ್ದೇ.

ನನಗೆ ಸಿಕ್ಕಿದ್ದು ಸೋದರಮಾವನ ಗಾಡಿ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಕೆಂಪು ದೂಳು ಕುಡಿದುಕೊಂಡು ವರ್ಷಗಟ್ಟಲೆ ಓಡಿ, ಮನೆಗೆ ಕಾರು ಬಂದ ಮೇಲೆ ಶೆಡ್ಡು ಸೇರಿತ್ತು. "ತಗಂಡು ಹೋಗಲೇ ಅಳಿಯ, ಗುಜರಿಗೆ ಮಾತ್ರ ಹಾಕಬ್ಯಾಡ" ಅಂದರು. ನಾನು ಮೊದಲು ನೋಡಿದ್ದು ನಂಬರು. ಆರ್‌ಎಕ್ಸ್ 100ರ ನಂಬರಿನಲ್ಲಿ 1ಎಲ್1 ಅನ್ನುವ ಗುರುತು ಇರುತ್ತದೆ. ಎಂಜಿನ್, ಚಾಸಿ ಎರಡರ ನಂಬರೂ ಆರ್‌ಸಿಗೆ ತಾಳೆಯಾದವು. ಬೇರೆ ಗಾಡಿಯ ಎಂಜಿನ್ ಕೂರಿಸಿ ಕಾಗದದಲ್ಲಿ ಏರಿಸದೇ ಬಿಟ್ಟವು ಬೇಕಾದಷ್ಟಿವೆ. ಅಂಥದ್ದಕ್ಕೆ ದುಡ್ಡು ಸುರಿಯುವುದು ದಂಡ.

ಬಿಚ್ಚುವ ಮೊದಲು ಸ್ಕ್ರೂ ವಿಷಯ ಹೇಳಬೇಕು. ಎಂಜಿನ್ ಕೇಸಿನ ಮೇಲಿನ ಪ್ಲಸ್ ಸ್ಕ್ರೂಗಳು ನೋಡಲು ನಮ್ಮ ಮಾಮೂಲಿ ಸ್ಕ್ರೂಗಳಂತೆಯೇ ಇರುತ್ತವೆ, ಆದರೆ ಜಪಾನಿನ ಜೆಐಎಸ್ ಅಳತೆಯವು. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರೊಳಗೆ ಪೂರ್ತಿ ಇಳಿಯುವುದಿಲ್ಲ, ಜೋರು ಕೊಟ್ಟರೆ ಜಾರಿ ತಲೆ ಸವೆಯುತ್ತದೆ. ಹಳೇ ಆರ್‌ಎಕ್ಸ್‌ಗಳಲ್ಲಿ ಚಾಣ ಇಟ್ಟು ಹೊಡೆದ ಗುರುತು ಯಾಕೆ ಇರುತ್ತದೆ ಅಂದರೆ ಇದಕ್ಕೇ. ನಾನು ಜೆಐಎಸ್ ಬಿಟ್ ತರಿಸಿಕೊಂಡೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇಟ್ಟೆ. ಒಂದು ತಲೆಯೂ ಕೆಡಲಿಲ್ಲ.

ಆರ್‌ಎಕ್ಸ್‌ನದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಪೆಟ್ರೋಲು, ಗಾಳಿ ಮೊದಲು ಇಳಿಯುವುದು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟಕ್ಕೆ ಬದಲಿಸುವ ದಂಡ) ಇರುವ ಕೋಣೆಗೆ. ಆ ಕೋಣೆಯಲ್ಲಿ ಒಂದಿಷ್ಟೂ ಸೋರಿಕೆ ಇರಬಾರದು. ಕ್ರ್ಯಾಂಕಿನ ಎರಡೂ ತುದಿಗೆ ಒಂದೊಂದು ಆಯಿಲ್ ಸೀಲ್ ಇದೆ, ನಿಂತ ಗಾಡಿಯಲ್ಲಿ ಅವು ಒಣಗಿ ಬಿರುಸಾಗುತ್ತವೆ. ಎಡಗಡೆ ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬಂದು ಪೆಟ್ರೋಲಿನ ಅಂಶ ಕಮ್ಮಿಯಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಲಗಡೆ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ನೂರು ಇನ್ನೂರು ರೂಪಾಯಿ ಉಳಿಸಲು ಹಳೇ ಸೀಲನ್ನೇ ಬಿಟ್ಟು, ಮೇಲೆ ದುಬಾರಿ ಪಿಸ್ಟನ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ದೂಳಿನ ಕೆಲಸ ಸಿಲಿಂಡರಿನಲ್ಲಿ ಕಂಡಿತು. ಏರ್ ಫಿಲ್ಟರ್ ಅಂದರೆ ಎಣ್ಣೆಯಲ್ಲಿ ಅದ್ದಿದ ಸ್ಪಂಜು. ಅದು ಪುಡಿಪುಡಿಯಾಗಿ ಉದುರಿತ್ತು. ಅದಿರಿನ ದೂಳು ನೇರ ಒಳಗೆ ಹೋಗಿ ಸಿಲಿಂಡರಿನ ಗೋಡೆಯನ್ನು ಉದ್ದಕ್ಕೆ ಗೀರಿತ್ತು. ಕೌಲ್ ಬಜಾರಿನಲ್ಲಿ ಲೇತ್ ಇಟ್ಟುಕೊಂಡಿರುವ ಭಾಯ್ ಬೆರಳು ಆಡಿಸಿಯೇ ಹೇಳಿದರು: "ಬೋರ್ ಹೋಗೈತ್ರಿ. ಪಿಸ್ಟನ್ ಮೊದ್ಲು ತರ್ರಿ, ಅದನ್ನ ನೋಡಿ ಬೋರ್ ಹೊಡೀತೀನಿ." ಇದೇ ಸರಿಯಾದ ಕ್ರಮ. ಮೂಲ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 50 ಮಿ.ಮೀ. ಸವೆದ ಗೋಡೆ ಕೊರೆದು ಹಾಕುವ ಪಿಸ್ಟನ್ನಿನ ಮೇಲಿನ ಸೈಜುಗಳು 0.25ರ ಲೆಕ್ಕದಲ್ಲಿ ಸಿಗುತ್ತವೆ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದೇ ಬೋರ್ ಹೊಡೆಯಬೇಕು. ನಡುವೆ ಉಳಿಯುವ ಸಂದು ಕೂದಲೆಳೆಯ ಅರ್ಧದಷ್ಟು ಮಾತ್ರ. ಬೋರ್ ಆದ ಮೇಲೆ ಸಿಲಿಂಡರ್ ಗೋಡೆಯ ಪೋರ್ಟುಗಳ (ಪೆಟ್ರೋಲು, ಹೊಗೆ ಓಡಾಡುವ ಕಿಂಡಿಗಳ) ಅಂಚು ಕತ್ತಿಯ ಹಾಗೆ ಹರಿತವಾಗಿರುತ್ತದೆ. ಅದನ್ನು ಸಣ್ಣಗೆ ಉಜ್ಜಿ ಮೊಂಡು ಮಾಡದಿದ್ದರೆ ಪಿಸ್ಟನ್ ರಿಂಗ್ ಸಿಕ್ಕಿ ಮುರಿಯುತ್ತದೆ. ಈ ಕೆಲಸ ಅವರು ಮಾಡಿಯೇ ಕೊಟ್ಟಿದ್ದರು, ಆದರೂ ಮನೆಗೆ ತಂದು ಬೆರಳಲ್ಲಿ ತಡವಿ ನೋಡಿದೆ.

ಕ್ರ್ಯಾಂಕಿಗೆ ಪಿಸ್ಟನ್ನನ್ನು ಜೋಡಿಸುವ ಕನೆಕ್ಟಿಂಗ್ ರಾಡ್ ಕಿಟ್ ಹಾಕಿಸುವ ಕೆಲಸವನ್ನೂ ಭಾಯ್‌ಗೇ ಬಿಟ್ಟೆ, ಪ್ರೆಸ್ ಇಲ್ಲದೆ ಮನೆಯಲ್ಲಿ ಆಗುವುದಲ್ಲ. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ 0.03 ಮಿ.ಮೀ. ಒಳಗೆ ಬರುವ ತನಕ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿದರು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ.

ಬೇರಿಂಗ್ ಕೂರಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಬೇರಿಂಗುಗಳನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟು, ಚೆನ್ನಾಗಿ ತೊಳೆದು ಒರೆಸಿದ ಅಲ್ಯೂಮಿನಿಯಂ ಕೇಸನ್ನು ಅಮ್ಮನ ರೊಟ್ಟಿ ಹೆಂಚಿನ ಮೇಲೆ ಕಾಯಿಸಿದೆ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಕೇಸಿನ ಮೇಲೆ ನೀರು ಚಿಮುಕಿಸಿ ಚುಂಯ್ ಅಂದಾಗ ಬೇರಿಂಗ್ ಇಟ್ಟರೆ ತಾನಾಗಿಯೇ ಕೂರುತ್ತದೆ, ಸುತ್ತಿಗೆ ಬೇಡ. ಹೆಂಚಿಗೆ ಬದಲು ಹೊಸ ಹೆಂಚು ತಂದುಕೊಡಬೇಕಾಯಿತು, ಆ ಮಾತು ಬೇರೆ.

ಇಗ್ನಿಷನ್ನಿನಲ್ಲಿ ಪಾಯಿಂಟ್ (ತೆರೆದುಕೊಂಡಾಗ ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ಚು) ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕು ಅಂತ ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. ಸರಿಯಾಗಿ ಕೂರಿಸಿದ ಪಾಯಿಂಟ್ ತೊಂದರೆ ಕೊಡುವುದಿಲ್ಲ, ದಾರಿಯಲ್ಲಿ ಕೆಟ್ಟರೂ ಒಂದು ಮರಳು ಕಾಗದದಲ್ಲಿ ಮನೆ ಸೇರಬಹುದು. ಸಂದು 0.3ರಿಂದ 0.4 ಮಿ.ಮೀ. ಪ್ಲಗ್ಗಿನ ತೂತಿಗೆ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಮೇಲಿನ ತುದಿಗೆ ಬಂದಾಗ ಸೊನ್ನೆ ಮಾಡಿ, ಹಿಂದಕ್ಕೆ ತಿರುಗಿಸಿ, ತುದಿಗೆ 1.8 ಮಿ.ಮೀ. ಇರುವಾಗ ಸರಿಯಾಗಿ ಪಾಯಿಂಟ್ ತೆರೆದುಕೊಳ್ಳುವ ಹಾಗೆ ಪ್ಲೇಟ್ ಬಿಗಿ ಮಾಡಿದೆ. ತೆರೆದುಕೊಂಡ ಗಳಿಗೆ ಮಲ್ಟಿಮೀಟರಿನಲ್ಲಿ ಗೊತ್ತಾಗುತ್ತದೆ.

ಆಯಿಲ್ ಪಂಪನ್ನೂ ಉಳಿಸಿಕೊಂಡೆ. ಯಮಹಾದ ಆಟೋಲ್ಯೂಬ್ ಅನ್ನುವ ಈ ಪಂಪು ಥ್ರಾಟಲ್ ಎಷ್ಟು ತಿರುಗಿಸುತ್ತೀರೋ ಅದಕ್ಕೆ ತಕ್ಕ ಹಾಗೆ ಎಣ್ಣೆ ಬಿಡುತ್ತದೆ. ನಮ್ಮಲ್ಲಿ ಅದನ್ನು ಕಿತ್ತು ಬಿಸಾಕಿ ಪೆಟ್ರೋಲಿಗೇ ಎಣ್ಣೆ ಬೆರೆಸುವುದು ರೂಢಿ. ಪಂಪ್ ಕೆಟ್ಟಿದೆ ಅಂತ ಕಿತ್ತ ಎಷ್ಟೋ ಕಡೆ ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ, ಅಷ್ಟೇ. ಪಂಪಿನ ಸಣ್ಣ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಎಣ್ಣೆ ಹರಿಯಲು ಬಿಟ್ಟೆ. ಮೊದಲ ಟ್ಯಾಂಕಿಗೆ ಮಾತ್ರ ಧೈರ್ಯಕ್ಕೆ ಲೀಟರಿಗೆ 20 ಮಿ.ಲೀ. ಬೆರೆಸಿದೆ.

ಟ್ಯಾಂಕಿನ ತುಕ್ಕಿಗೆ ವಿನೆಗರ್ ಮತ್ತು ಒಂದು ಹಿಡಿ ಹಳೇ ನಟ್ಟು. ತುಂಬಿಸಿ ಇಟ್ಟು, ಆಗಾಗ ಕುಲುಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದೆ. ಬಳ್ಳಾರಿ ಬಿಸಿಲಿನ ಉಪಕಾರ ಇಲ್ಲೇ: ಏಪ್ರಿಲ್ ಮಧ್ಯಾಹ್ನ ಟ್ಯಾಂಕ್ ಬೇಗ ಒಣಗಿತು, ಮತ್ತೆ ತುಕ್ಕು ಏಳುವ ಮೊದಲೇ ಒಳಗೆ 2ಟಿ (ಟೂ ಸ್ಟ್ರೋಕ್) ಎಣ್ಣೆ ಸವರಿದೆ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರು ಇದಕ್ಕೆ ಮಾಡಿದ್ದಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರು, ಕಾರ್ಬೊರೇಟರಿನ ಓ-ರಿಂಗು ಎಲ್ಲ ಬದಲಿಸಿದೆ. ಎಥನಾಲಿಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ಹಾಗಾಗಿ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ತುಣುಕು) ಒಂದು ಸೈಜು ಮೇಲಿನದು ಹಾಕಿ, ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿದೆ. ಕಾಫಿಪುಡಿಯ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಅಪಾಯ.

ಬಣ್ಣದ ಕೆಲಸದಲ್ಲಿ ಹೇಳುವಂಥದ್ದು ಕಮ್ಮಿ. ಮೂಲದಲ್ಲಿದ್ದ ಕಪ್ಪನ್ನೇ ಹೊಡೆಸಿದೆ. ಚಾಸಿಯನ್ನು ಪೌಡರ್ ಕೋಟಿಂಗಿಗೆ ಕೊಡುವಾಗ ನಂಬರಿನ ಮೇಲೆ ಶಾಖ ತಡೆಯುವ ಟೇಪ್ ಅಂಟಿಸಿ, ಅಲ್ಲಿ ಮರಳು ಚಿಮ್ಮಿಸಿ ಉಜ್ಜುವ ಬ್ಲಾಸ್ಟಿಂಗ್ ಮಾಡಬೇಡಿ ಅಂತ ಎದುರು ನಿಂತು ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಇರುತ್ತದೆ, ಆರ್‌ಟಿಒ ಇನ್‌ಸ್ಪೆಕ್ಟರು ಮೊದಲು ನೋಡುವುದೇ ಆ ನಂಬರು. ಸೈಲೆನ್ಸರಿನ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಕೀಳಲಿಲ್ಲ, ಕರಿ ಸುಟ್ಟು ಕೆರೆದು ವಾಪಸ್ ಹಾಕಿದೆ. ಸದ್ದು ಬೇಕು ಅಂತ ಕಿತ್ತರೆ ಸದ್ದಷ್ಟೇ ಸಿಗುತ್ತದೆ, ಎಳೆತ ಹೋಗುತ್ತದೆ. ಸೀಟ್ ಕವರ್ ಹೊಲಿದುಕೊಟ್ಟವರು ನಮ್ಮ ಓಣಿಯ ಜೀನ್ಸ್ ಟೇಲರ್. ದಪ್ಪ ಡೆನಿಮ್ ಹೊಲಿಯುವ ಜೂಕಿ ಮಷಿನ್ನಿಗೆ ರೆಕ್ಸಿನ್ ಯಾವ ಲೆಕ್ಕ? "ಇದೂ ಜಪಾನು, ಅದೂ ಜಪಾನು, ರೊಕ್ಕ ಬ್ಯಾಡ" ಅಂದರು. ಕೊಟ್ಟೆ, ತಗೊಂಡರು.

ಹೊಸ ಬೋರು ಹದಕ್ಕೆ ಬರುವ ತನಕ ಬೆಳಕು ಹರಿಯುವ ಮೊದಲೇ ಎದ್ದು ಮೋಕಾ ರಸ್ತೆಯಲ್ಲಿ ಹಗರಿ ಹೊಳೆಯ ಕಡೆಗೆ ಓಡಿಸುತ್ತಿದ್ದೆ. ನಲವತ್ತರ ಮೇಲೆ ಹೋಗದೆ, ಒಂದೇ ವೇಗದಲ್ಲೂ ನಿಲ್ಲದೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೊಮ್ಮೆ ಬಿಗಿ ಮಾಡಿದೆ. ಸಂಡೂರು ಘಾಟಿ ಹತ್ತಿಸಿದ್ದು ಇದೆಲ್ಲ ಆದ ಮೇಲೆ. ಮಾವ ಬಂದು ನೋಡಿ ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಿಕ್ ಹೊಡೆದು, ಸೈಲೆನ್ಸರಿನ ಹತ್ತಿರ ಬಗ್ಗಿ, "ಹೊಗಿ ಕಮ್ಮಿ ಐತಲ್ಲೋ" ಅಂದರು.

ಈಗ ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಖಾಲಿಯಾಗಿ ತಾನೇ ಆಫ್ ಆಗುವ ತನಕ ಎಂಜಿನ್ ಓಡಲು ಬಿಡುತ್ತೇನೆ. ಮುಂದಿನ ಫೋರ್ಕಿನ ಸೀಲ್ ಸಣ್ಣಗೆ ಒಸರುತ್ತಿದೆ, ಆ ಕೆಲಸ ಬಾಕಿ ಇದೆ.