ಹಳೆಯ ತಾರೀಖಿನ ನೀರು: ಒರೆಗಾನ್‌ನ ಹೊಳೆಗಳಲ್ಲಿ ಹರಿವು ಉಳಿಸುವ ಕೆಲಸದ ನನ್ನ ಅನುಭವ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಪರ್ವತಸಾಲಿನ ಪೂರ್ವಕ್ಕಿರುವ ಡೆಶೂಟ್ಸ್ ಕಣಿವೆಯಲ್ಲಿ, ರೈತರ ನೀರಾವರಿ ಹಕ್ಕುಗಳನ್ನು ಗುತ್ತಿಗೆಗೆ ಪಡೆದು ಆ ನೀರು ಹೊಳೆಯಲ್ಲೇ ಹರಿಯುವಂತೆ ಮಾಡುವ ಕೆಲಸವನ್ನು ನಾನು ಲಾಭರಹಿತ ಸಂಸ್ಥೆಯೊಂದರ ಪರವಾಗಿ ಹಲವು ವರ್ಷ ಮಾಡಿದ್ದೇನೆ. ಮೀನಿಗೆ ಎಷ್ಟು ನೀರು ಬೇಕೆಂಬ ಲೆಕ್ಕ ಈ ಕೆಲಸದ ಸಣ್ಣ ಭಾಗ ಮಾತ್ರ. ಸಿಗುವ ನೀರಿನ ಹಕ್ಕು ಯಾವ ತಾರೀಖಿನದು ಎಂಬುದರ ಮೇಲೆ ಉಳಿದೆಲ್ಲವೂ ನಿಂತಿರುತ್ತದೆ.

ಅಲ್ಲಿನ ಕಾನೂನು ಹಾಗಿದೆ. 1909ರ ಜಲಸಂಹಿತೆಯ ಪ್ರಕಾರ ಮೊದಲು ನೀರು ತಿರುಗಿಸಿಕೊಂಡವನದು ಮೊದಲ ಹಕ್ಕು. ಬರ ಬಂದಾಗ ಎಲ್ಲರೂ ಸ್ವಲ್ಪಸ್ವಲ್ಪ ಬಿಟ್ಟುಕೊಡುವ ಪದ್ಧತಿ ಇಲ್ಲ. 1890ರ ದಶಕದ ಹಕ್ಕುದಾರನಿಗೆ ಪೂರ್ತಿ ನೀರು ಸಂದ ಮೇಲಷ್ಟೇ 1920ರವನ ಸರದಿ. ನೀರನ್ನು ಹೊಳೆಯಲ್ಲೇ ಬಿಡುವುದೂ ಒಂದು ಸದುಪಯೋಗವೆಂದು ಕಾನೂನು ಪೂರ್ಣವಾಗಿ ಒಪ್ಪಿದ್ದು 1987ರಲ್ಲಿ. ಆ ಬಳಿಕ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಅನೇಕ ತೊರೆಗಳಲ್ಲಿ ಹರಿವಿನ ಹಕ್ಕಿಗಾಗಿ ಅರ್ಜಿ ಹಾಕಿತು. ಆದರೆ 1990ರ ತಾರೀಖಿನ ಹಕ್ಕು ಆಗಸ್ಟ್ ತಿಂಗಳಲ್ಲಿ ಸರದಿಯ ಕಟ್ಟಕಡೆಗೆ ನಿಲ್ಲುತ್ತದೆ. ಕಾಗದದ ಮೇಲೆ 20 ಕ್ಯುಸೆಕ್ ಎಂದು ಬರೆದಿದ್ದರೂ ತೊರೆಯಲ್ಲಿ ಬರಿಯ ಕಲ್ಲುಗಳು ಕಾಣುವುದುಂಟು. ಆದ್ದರಿಂದ ಮೀನಿಗೆ ನಿಜವಾದ ನೀರು ಬೇಕೆಂದರೆ ಹಳೆಯ ತಾರೀಖಿನ ಹಕ್ಕನ್ನು ಹುಡುಕಿ, ಆ ತಾರೀಖಿನ ಸಮೇತ ಅದನ್ನು ಹೊಲದಿಂದ ಹೊಳೆಗೆ ವರ್ಗಾಯಿಸಬೇಕು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಪರಿಸರಕ್ಕೆಂದು 10 ಟಿಎಂಸಿ ತೆಗೆದಿರಿಸಿದ್ದು ರಾಜ್ಯಗಳ ನಡುವಣ ಹಂಚಿಕೆಯೊಳಗೆ. ಒರೆಗಾನ್‌ನಲ್ಲಿ ಅಂಥ ನೀರು ಒಬ್ಬೊಬ್ಬ ರೈತನ ಹಕ್ಕುಪತ್ರದಿಂದ, ಅವನ ಒಪ್ಪಿಗೆಯಿಂದ ಬರಬೇಕು.

ಹೀಗಾಗಿ ನಾನು ಪ್ರತಿ ವರ್ಷ ಚಳಿಗಾಲದಲ್ಲಿ ಹಕ್ಕುಪತ್ರಗಳನ್ನು ಹರಡಿಕೊಂಡು ಕೂರುತ್ತಿದ್ದೆ. ತಾರೀಖು, ನೀರು ತಿರುಗಿಸುವ ಜಾಗ, ನೀರುಣ್ಣುವ ಎಕರೆಗಳ ನಕ್ಷೆ, ಎಕರೆಗೆ ಇಷ್ಟೆಂಬ ಮಿತಿ ಎಲ್ಲವೂ ಅದರಲ್ಲಿರುತ್ತವೆ. ಎಕರೆಗೆ ಒಂದು ಕ್ಯುಸೆಕ್‌ನ 80ನೇ ಒಂದು ಭಾಗವೆಂದು ಬರೆದಿದ್ದರೆ, 80 ಎಕರೆಯ ಹುಲ್ಲುಗಾವಲನ್ನು ಬಿಟ್ಟುಕೊಟ್ಟಾಗ ಹೊಳೆಗೆ ಸೇರುವುದು ಒಂದೇ ಕ್ಯುಸೆಕ್, ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಕೃಷ್ಣರಾಜಸಾಗರದ ಹೊರಹರಿವಿನ ಸುದ್ದಿ ಓದುವವರಿಗೆ ಇದು ಲೆಕ್ಕಕ್ಕೇ ಸಿಗದ ಮೊತ್ತ. ಆದರೆ ಹತ್ತು ಅಡಿ ಅಗಲದ ತೊರೆಯಲ್ಲಿ, ಆಗಸ್ಟ್ ಕೊನೆಯ ವಾರದಲ್ಲಿ, ಬೇರೆಬೇರೆಯಾಗಿ ನಿಂತ ಗುಂಡಿಗಳನ್ನು ಮತ್ತೆ ಒಂದು ಹರಿವಾಗಿ ಜೋಡಿಸಲು ಎರಡು ಮೂರು ಕ್ಯುಸೆಕ್ ಸಾಕಾಗುವುದನ್ನು ನಾನು ಕಂಡಿದ್ದೇನೆ. ನಿಂತ ನೀರು ಬಿಸಿಲಿಗೆ ಬೇಗ ಕಾಯುತ್ತದೆ. ತಣ್ಣೀರಿನ ಮೀನಾದ ಟ್ರೌಟ್‌ನ ಮರಿಗಳು ಬೆಳೆಯುವ ತೊರೆಗಳಿಗೆ ರಾಜ್ಯ ನಿಗದಿಪಡಿಸಿರುವ ಉಷ್ಣತೆಯ ಮಿತಿ 18 ಡಿಗ್ರಿ ಸೆಲ್ಸಿಯಸ್.

ಪತ್ರಗಳ ಪರಿಶೀಲನೆ ಮುಗಿದ ಮೇಲೆ ರೈತರ ಮನೆಗೆ ಹೋಗಬೇಕು. ಅಲ್ಲಿ ಮೀನಿನ ಮಾತಿನಿಂದ ಆರಂಭಿಸಿದರೆ ಮಾತುಕತೆ ಬೇಗ ಮುಗಿಯುತ್ತದೆ. ಬೆಲೆ, ಬೇಲಿ, ಹುಲ್ಲಿನ ಕೊಯ್ಲಿನಿಂದ ಆರಂಭಿಸುವುದೇ ಸರಿಯಾದ ದಾರಿ. ಅವರ ದೊಡ್ಡ ಭಯ ಹಕ್ಕು ಕೈತಪ್ಪಿ ಹೋಗುವುದರ ಬಗ್ಗೆ. ಸತತ ಐದು ವರ್ಷ ನೀರು ಬಳಸದಿದ್ದರೆ ಒರೆಗಾನ್‌ನಲ್ಲಿ ಹಕ್ಕು ರದ್ದಾಗಬಹುದು. ಇದಕ್ಕೆ ಹೆದರಿ, ಬೆಳೆಗೆ ಬೇಡವಾದ ವರ್ಷವೂ ನೀರು ಹಾಯಿಸುವವರಿದ್ದಾರೆ. ನೀರನ್ನು ಹೊಳೆಗೆ ಗುತ್ತಿಗೆ ಕೊಟ್ಟ ಅವಧಿಯನ್ನು ಕಾನೂನು ಬಳಕೆಯೆಂದೇ ಪರಿಗಣಿಸುತ್ತದೆ, ಅವಧಿ ಮುಗಿದ ಮೇಲೆ ಹಕ್ಕು ಅದೇ ತಾರೀಖಿನೊಂದಿಗೆ ಹೊಲಕ್ಕೆ ಮರಳುತ್ತದೆ ಎಂದು ಲಿಖಿತವಾಗಿ ತೋರಿಸಿದಾಗ ಎದುರಿಗಿದ್ದವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಗುತ್ತಿಗೆಯ ಹಣಕ್ಕಿಂತ ಈ ಒಂದು ಅಂಶವೇ ಹೆಚ್ಚು ಸಹಿಗಳನ್ನು ತಂದುಕೊಟ್ಟಿತೆಂದು ನನ್ನ ಅಂದಾಜು.

ಇಡೀ ಹಂಗಾಮಿನ ನೀರು ಬಿಡಲು ಒಪ್ಪದವರಿಗೆ ಅರ್ಧ ಹಂಗಾಮಿನ ಗುತ್ತಿಗೆ ಇದೆ. ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪಿನ (ಲ್ಯೂಸರ್ನ್) ಮೊದಲ ಕೊಯ್ಲು ಮುಗಿಯುವವರೆಗೆ ರೈತ ನೀರು ಹಾಯಿಸಿಕೊಳ್ಳುತ್ತಾನೆ. ನಂತರ ತೂಬು ಮುಚ್ಚುತ್ತಾನೆ. ಹಿಮ ಕರಗುವ ಮೇ ತಿಂಗಳಿನಲ್ಲಿ ಹೊಳೆಗೆ ನೀರಿನ ಕೊರತೆ ಇರುವುದಿಲ್ಲವಾದ್ದರಿಂದ ಇದು ಮೀನಿಗೂ ಹೊಂದುತ್ತದೆ. ಒಂದೇ ಹಕ್ಕಿನ ನೀರು ಏಕಕಾಲದಲ್ಲಿ ಹೊಲದಲ್ಲೂ ಹೊಳೆಯಲ್ಲೂ ಇರಬಾರದೆಂಬ ಷರತ್ತು ಕಟ್ಟುನಿಟ್ಟಾಗಿರುವುದರಿಂದ, ತೂಬು ಮುಚ್ಚಿದ ದಿನವನ್ನೂ ಅದುವರೆಗೆ ಬಳಸಿದ ನೀರನ್ನೂ ಅಳೆದು ದಾಖಲಿಸಬೇಕಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಭಾಗ, ಬಿಟ್ಟ ನೀರಿಗೆ ಎಲ್ಲಿಂದ ಎಲ್ಲಿಯವರೆಗೆ ರಕ್ಷಣೆ ಎಂದು ತೀರ್ಮಾನಿಸುವುದು. ಹೊಲಕ್ಕೆ ಹಾಯಿಸಿದ ನೀರೆಲ್ಲವೂ ಬೆಳೆಗೆ ಹೋಗುವುದಿಲ್ಲ; ಒಂದಷ್ಟು ಬಸಿನೀರಾಗಿ ಕೆಳಗೆಲ್ಲೋ ಮತ್ತೆ ತೊರೆಗೆ ಸೇರುತ್ತದೆ, ಮತ್ತು ಆ ಬಸಿನೀರನ್ನೇ ನಂಬಿದ ಇನ್ನೊಬ್ಬ ಹಕ್ಕುದಾರ ಅಲ್ಲಿರುತ್ತಾನೆ. ನಮ್ಮ ವರ್ಗಾವಣೆಯಿಂದ ಅವನಿಗೆ ಹಾನಿಯಾಗುವುದಾದರೆ ರಾಜ್ಯದ ಜಲಸಂಪನ್ಮೂಲ ಇಲಾಖೆ ಅರ್ಜಿಯನ್ನು ಒಪ್ಪುವುದಿಲ್ಲ. ಆದ್ದರಿಂದ ಮೇಲಿನ ತೂಬಿನಿಂದ ಬಸಿನೀರು ಸೇರುವ ಜಾಗದವರೆಗೆ ಪೂರ್ತಿ ಪ್ರಮಾಣ, ಅಲ್ಲಿಂದ ಕೆಳಗೆ ಬೆಳೆ ಹೀರುತ್ತಿದ್ದಷ್ಟು ಮಾತ್ರ ಎಂದು ಎರಡು ಹಂತದಲ್ಲಿ ಬರೆಯುವ ಸಂದರ್ಭಗಳು ಬರುತ್ತಿದ್ದವು. ಆ ಜಾಗವನ್ನು ನಕ್ಷೆಯಿಂದ ಹೇಳಲಾಗದು. ದಂಡೆಗುಂಟ ನಡೆದು, ಒದ್ದೆ ನೆಲವನ್ನೂ ಜಂಬುಹುಲ್ಲನ್ನೂ ನೋಡಿ ಗುರುತಿಸಬೇಕು.

ಹೊಳೆಗೆ ಬಂದ ಹಕ್ಕು ನಮ್ಮ ಸಂಸ್ಥೆಯ ಸೊತ್ತಾಗುವುದಿಲ್ಲ, ಜನರ ಪರವಾಗಿ ಅದನ್ನು ಧರಿಸುವುದು ರಾಜ್ಯವೇ. ಮೇಲ್ವಿಚಾರಣೆ ಜಿಲ್ಲೆಯ ‘ವಾಟರ್‌ಮಾಸ್ಟರ್’ ಅವರದು. ನಮ್ಮ ಕೆರೆಗಳ ನೀರುಗಂಟಿಯ ಕೆಲಸವನ್ನು ಸರ್ಕಾರಿ ಅಧಿಕಾರದೊಂದಿಗೆ ಮಾಡುವವರು ಎನ್ನಬಹುದು. ಅವರ ಮುಂದೆ ಅಂಕಿಯಿಲ್ಲದೆ ಮಾತಾಡಿ ಪ್ರಯೋಜನವಿಲ್ಲವಾದ್ದರಿಂದ ಹರಿವನ್ನು ನಾವೇ ಅಳೆಯುತ್ತಿದ್ದೆವು. ತೊರೆಗೆ ಅಡ್ಡಲಾಗಿ ಟೇಪು ಬಿಗಿದು, ಅಗಲವನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಮೇಲ್ಮೈಯಿಂದ ಆಳದ ಶೇ. 60ರಷ್ಟು ಕೆಳಗೆ ವೇಗಮಾಪಕವನ್ನು ಹಿಡಿದು, ನೀರಿನ ಸೆಳೆತ ನಮ್ಮ ಕಾಲಿಗೆ ಬಡಿದು ಅಂಕಿ ಕೆಡದಂತೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಪಟ್ಟಿಪಟ್ಟಿಯ ವೇಗ, ಆಳ, ಅಗಲಗಳ ಗುಣಲಬ್ಧವನ್ನು ಕೂಡಿಸಿದರೆ ಹರಿವು ಸಿಗುತ್ತದೆ. ಮೇಲಿನ ಮತ್ತು ಕೆಳಗಿನ ಅಳತೆಗಳ ನಡುವೆ ಕಾರಣವಿಲ್ಲದ ವ್ಯತ್ಯಾಸ ಕಂಡರೆ, ನಡುವೆ ಕಿರಿಯ ಹಕ್ಕಿನ, ಅಂದರೆ ಈಚಿನ ತಾರೀಖಿನ, ಯಾವುದೋ ತೂಬು ತೆರೆದಿದೆ ಎಂಬ ಅನುಮಾನಕ್ಕೆ ಆಧಾರ ಸಿಕ್ಕಂತೆ.

ಗುತ್ತಿಗೆ ತಾತ್ಕಾಲಿಕ, ಶಾಶ್ವತ ನೀರು ಹೆಚ್ಚಾಗಿ ಕಾಲುವೆಗಳ ಸೋರಿಕೆ ತಡೆಯುವುದರಿಂದ ಬಂದಿದೆ. ಸಿಸ್ಟರ್ಸ್ ಪಟ್ಟಣದ ಬಳಿ ಬೇಸಿಗೆಯಲ್ಲಿ ಬತ್ತುತ್ತಿದ್ದ ವೈಚಸ್ ತೊರೆಗೆ ನೀರು ಮರಳಿದ್ದರಲ್ಲಿ, ಅಲ್ಲಿನ ‘ನೀರಾವರಿ ಜಿಲ್ಲೆ’ (ರೈತರಿಗೆ ಕಾಲುವೆ ನೀರು ಹಂಚುವ ಸಂಸ್ಥೆ) ಮಣ್ಣಿನ ಕಾಲುವೆಗಳ ಬದಲು ಕೊಳವೆ ಹಾಕಿದ್ದರ ಪಾಲು ದೊಡ್ಡದು. ಹಾಗೆ ಉಳಿತಾಯವಾದ ನೀರಿನ ಒಂದು ಭಾಗವನ್ನು ಹೊಳೆಯ ಹಕ್ಕಾಗಿ ಬರೆದುಕೊಡಲು ಕಾನೂನಿನಲ್ಲಿ ಅವಕಾಶವಿದೆ. 2007ರಲ್ಲಿ ಆ ತೊರೆಗೆ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಮರಳುವ ಟ್ರೌಟ್) ಮರಿಗಳನ್ನು ಮತ್ತೆ ಬಿಡಲಾಯಿತು.

ಎಲ್ಲ ಜೀವಿಗಳಿಗೂ ಬೇಸಿಗೆಯ ನೀರೇ ಪರಿಹಾರವಲ್ಲ. ಡೆಶೂಟ್ಸ್‌ನ ಮೇಲ್ಭಾಗದಲ್ಲಿ ತೊಂದರೆ ತಿರುಗುಮುರುಗಾಗಿದೆ: ವಿಕಿಅಪ್ ಜಲಾಶಯ ಚಳಿಗಾಲದಲ್ಲಿ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಕಾಲುವೆಗಳಿಗಾಗಿ ಬಿಡುತ್ತದೆ, ಬುಗ್ಗೆಗಳಿಂದ ವರ್ಷವಿಡೀ ಸಮನಾಗಿ ಹರಿಯುತ್ತಿದ್ದ ನದಿ ಚಳಿಗಾಲದಲ್ಲಿ ಸೊರಗಿ, 2014ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿದ ಒರೆಗಾನ್ ಚುಕ್ಕೆಕಪ್ಪೆಯ ಜೌಗುನೆಲ ಒಣಗುತ್ತದೆ. ಅಲ್ಲಿ ನನ್ನ ಬೇಸಿಗೆ ಗುತ್ತಿಗೆಗಳಿಂದ ನೇರ ಉಪಯೋಗವಿಲ್ಲ. ಅದಕ್ಕಾಗಿ ರೂಪಿಸಿದ ಯೋಜನೆಯ ತರ್ಕ ಬೇರೆ: ಹಿರಿಯ ಹಕ್ಕಿನ ನೀರಾವರಿ ಜಿಲ್ಲೆ ಕೊಳವೆ ಹಾಕಿ ಉಳಿಸಿದ ಬೇಸಿಗೆಯ ನೀರನ್ನು ಕೆಳಗಿನ ಕಿರಿಯ ಹಕ್ಕಿನ ಜಿಲ್ಲೆಗೆ ಕೊಡುತ್ತದೆ, ಆ ಕಿರಿಯ ಜಿಲ್ಲೆ ಅಷ್ಟೇ ನೀರನ್ನು ತನ್ನ ಜಲಾಶಯದಿಂದ ಚಳಿಗಾಲದಲ್ಲಿ ನದಿಗೆ ಬಿಡುತ್ತದೆ. 2020ರ ಕೊನೆಯಲ್ಲಿ ಅನುಮೋದನೆಗೊಂಡ ಈ ಯೋಜನೆಯಂತೆ ಚಳಿಗಾಲದ ಕನಿಷ್ಠ ಹರಿವು 100 ಕ್ಯುಸೆಕ್‌ನಿಂದ ಆರಂಭವಾಗಿ, ಎಂಟನೆಯ ವರ್ಷದಿಂದ 300ಕ್ಕೆ ಏರಬೇಕು. ಕಪ್ಪೆಗೆ ಇದು ನಿಧಾನವೆನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಕೊಳವೆ ಹಾಕುವ ಮೊದಲೇ ಆ ನೀರನ್ನು ಬಿಡಿಸಿದ್ದರೆ ಕಿರಿಯ ಹಕ್ಕಿನ ರೈತರ ಹೊಲಗಳೇ ಮೊದಲು ಪಾಳು ಬೀಳುತ್ತಿದ್ದವು.