ಮೋಟಾರ್ ಅಲ್ಲ, ಬೆಲ್ಟ್

ನಮ್ಮದು ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್. ತಂದು 11 ವರ್ಷ ಆಯಿತು. ಕಳೆದ ತಿಂಗಳು ಒಗೆಯುವ ಕಡೆ ತೊಂದರೆ ಶುರುವಾಯಿತು. ಬರೀ ನೀರಿದ್ದರೆ ಒಳಗಿನ ಚಕ್ರ ಚೆನ್ನಾಗಿ ತಿರುಗುತ್ತಿತ್ತು. ಎರಡು ಬೆಡ್‌ಶೀಟ್ ಹಾಕಿದರೆ ನಿಂತುಬಿಡುತ್ತಿತ್ತು. ಜೊತೆಗೆ ಸುಟ್ಟ ರಬ್ಬರ್ ವಾಸನೆ.

ನೋಡಲು ಬಂದ ರಿಪೇರಿಯವರು ಒಂದು ಸ್ಕ್ರೂ ಕೂಡ ಬಿಚ್ಚದೆ, "ಮೋಟಾರ್ ಹೋಗಿದೆ ಮೇಡಂ, ಹೊಸ ಮೆಷಿನ್ ತಗೊಳ್ಳಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಮೋಟಾರಿಗೆ ತಿರುಗಲು ಒತ್ತಾಸೆ ಕೊಡುವ ಕೆಪಾಸಿಟರ್ ಸೊರಗಿದರೂ ಬಟ್ಟೆ ಹಾಕಿದಾಗ ಚಕ್ರ ನಿಲ್ಲುತ್ತೆ, ನಿಜ. ಆದರೆ ಆಗ ಮೋಟಾರೇ ತಿರುಗದೆ ಗುಂಯ್ ಅನ್ನುತ್ತೆ. ನಮ್ಮದರಲ್ಲಿ ಕೆಳಗೆ ಮೋಟಾರ್ ಓಡುವ ಸದ್ದು ಕೇಳುತ್ತಲೇ ಇತ್ತು.

ಭಾನುವಾರ ಪ್ಲಗ್ ಕಿತ್ತು, ನೀರೆಲ್ಲ ಬಸಿದು, ಹಿಂದಿನ ಮುಚ್ಚಳ ಬಿಚ್ಚಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನ ತುದಿ ಮುಟ್ಟಬೇಡಿ, ಅದರಲ್ಲಿ ಕರೆಂಟ್ ಉಳಿದಿರಬಹುದು. ತಳದಲ್ಲೆಲ್ಲ ಕಾಡಿಗೆಯಂಥ ಕಪ್ಪು ಪುಡಿ ಬಿದ್ದಿತ್ತು. ಮೋಟಾರಿಗೆ ಒಂದು ಚಿಕ್ಕ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ), ಒಗೆಯುವ ಚಕ್ರದ ಕೆಳಗೆ ಒಂದು ದೊಡ್ಡದು, ಎರಡಕ್ಕೂ ಸೇರಿ ಒಂದು ರಬ್ಬರ್ ಬೆಲ್ಟ್. ಚಿಕ್ಕ ಪುಲ್ಲಿಯನ್ನು ಒಂದು ಕೈಯಲ್ಲಿ ಹಿಡಿದು ದೊಡ್ಡದನ್ನು ತಿರುಗಿಸಿದೆ. ಬೆಲ್ಟ್ ಸುಮ್ನೆ ಜಾರಿತು. ಅಲ್ಲಿಗೆ ಅನುಮಾನ ಹೋಯಿತು.

ಬೆಲ್ಟ್ ತೆಗೆದು ಬೆಳಕಿಗೆ ಹಿಡಿದೆ. ಎರಡೂ ಪಕ್ಕ ಗಾಜಿನ ಹಾಗೆ ಹೊಳೆಯುತ್ತಿತ್ತು. ಹಿಮ್ಮುಖವಾಗಿ ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು. ಇಂಗ್ಲಿಷಿನ V ಆಕಾರದ ಈ ವಿ-ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತಳದಿಂದಲ್ಲ, ಎರಡು ಪಕ್ಕದಿಂದ. ಮರದ ಸೀಳಿಗೆ ಬೆಣೆ ಹೊಡೆದ ಹಾಗೆ ಪುಲ್ಲಿಯ ತೋಡಿನಲ್ಲಿ ಸಿಕ್ಕಿಕೊಂಡಿರಬೇಕು. ಪಕ್ಕ ಸವೆದರೆ ಬೆಲ್ಟ್ ತೋಡಿನ ತಳಕ್ಕೆ ಇಳಿಯುತ್ತೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಹಿಡಿತ ಸಿಗುವುದಿಲ್ಲ.

ಬೆಲ್ಟಿನ ಮೇಲೆ ನಂಬರ್ ಅರ್ಧ ಅಳಿಸಿತ್ತು. ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಅದನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ, ಕೆಳಗೆ ಎಳೆದು ನೋಡಿದರು. "ಹಳೇದು ಸ್ವಲ್ಪ ಹಿಗ್ಗಿರುತ್ತೆ ಮೇಡಂ, ನಿಮ್ಮದು ಎಂ 20" ಅಂತ ಬೆಲ್ಟಿನ ಅಳತೆ ಹೇಳಿದರು. 120 ರೂಪಾಯಿ ಕೊಟ್ಟೆ.

ಹಾಕುವ ಮುಂಚೆ ಪುಲ್ಲಿಯ ತೋಡನ್ನು ಒಣ ಬಟ್ಟೆಯಿಂದ ಒರೆಸಿದೆ. ಎಣ್ಣೆ, ಗ್ರೀಸು ಏನೂ ತಾಗಬಾರದು. ಟಬ್ಬಿನ ನೀರು ಕೆಳಗಿಳಿಯದಂತೆ ತಡೆಯುವ ಮೇಲಿನ ಸೀಲಿನಿಂದ ನೀರು ತೊಟ್ಟಿಕ್ಕುತ್ತಿದೆಯಾ ಅಂತಲೂ ಬೆರಳಾಡಿಸಿ ನೋಡಿದೆ, ಒಣಗಿತ್ತು. ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ, ಮೋಟಾರನ್ನು ಒಳಕ್ಕೆ ಸರಿಸಿದೆ. ಬೆಲ್ಟನ್ನು ಮೊದಲು ಚಿಕ್ಕ ಪುಲ್ಲಿಗೆ ಸಿಕ್ಕಿಸಿ, ದೊಡ್ಡದನ್ನು ಕೈಯಲ್ಲಿ ತಿರುಗಿಸುತ್ತಾ ಅಂಚಿನಿಂದ ಒಳಗೆ ಕೂರಿಸಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹೊಸ ಬೆಲ್ಟಿನ ಅಂಚೇ ಕಿತ್ತುಹೋಗುತ್ತೆ.

ಬಿಗಿ ಮಾಡುವುದರಲ್ಲೇ ನನಗೆ ಜಾಸ್ತಿ ಹೊತ್ತು ಹೋಯಿತು. ಬೋಲ್ಟು ಬಿಗಿ ಮಾಡುವಾಗ ಮೋಟಾರ್ ಮತ್ತೆ ಒಳಕ್ಕೆ ಸರಿದು ಬೆಲ್ಟ್ ಸಡಿಲವಾಗುತ್ತಿತ್ತು. ಕೊನೆಗೆ ಮಗನನ್ನು ಕರೆದು, ಅವನು ಮೋಟಾರನ್ನು ಹೊರಕ್ಕೆ ಎಳೆದು ಹಿಡಿದಾಗ ನಾನು ಬೋಲ್ಟು ತಿರುಗಿಸಿದೆ. ಎರಡು ಪುಲ್ಲಿಯ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು 1 ಸೆಂಟಿಮೀಟರ್ ತಗ್ಗಬೇಕು. ಅದಕ್ಕಿಂತ ಬಿಗಿಯಾದರೆ ಮೋಟಾರಿನ ಬೇರಿಂಗ್ ಬೇಗ ಹಾಳಾಗುತ್ತೆ.

ಅದೇ ಎರಡು ಬೆಡ್‌ಶೀಟ್ ಹಾಕಿ ಸ್ವಿಚ್ ಒತ್ತಿದೆ. ಚಕ್ರ ಒಂದು ಸಲವೂ ತಡವರಿಸಲಿಲ್ಲ. ಅಷ್ಟು ಖುಷಿಯಾಯಿತು, ಪೂರಾ ಒಗೆಯುವವರೆಗೆ ಅಲ್ಲೇ ನಿಂತಿದ್ದೆ. ಹೊಸ ಬೆಲ್ಟ್ ಮೊದಮೊದಲು ಸ್ವಲ್ಪ ಹಿಗ್ಗುತ್ತೆ. ವಾರ ಬಿಟ್ಟು ಮತ್ತೆ ಬಿಚ್ಚಿ ಒತ್ತಿ ನೋಡಿ, ಮೋಟಾರನ್ನು ಒಂದು ಕೂದಲೆಳೆಯಷ್ಟು ಹೊರಕ್ಕೆ ಎಳೆದು ಬಿಗಿ ಮಾಡಿದೆ.