ಇಪ್ಪತ್ತನೇ ತಾರೀಖಿಗೆ ಎರಡು ದಿನ ಮೊದಲು ಸಿಗರೇಟು ಬಿಟ್ಟೆ

ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ. ಮಂಡಿಪೇಟೆಯ ವರ್ತಕರು, ಬಟ್ಟೆ ಅಂಗಡಿಯವರು, ಹಾರ್ಡ್‌ವೇರ್ ವ್ಯಾಪಾರಿಗಳು ಸೇರಿ ಸುಮಾರು ನೂರ ನಲವತ್ತು ಜನರ ಜಿಎಸ್‌ಟಿ ಲೆಕ್ಕ ನನ್ನ ಕೈಯಲ್ಲಿದೆ. ಪ್ರತಿ ತಿಂಗಳು 11ಕ್ಕೆ ಒಂದು ಗಡುವು, 20ಕ್ಕೆ ಇನ್ನೊಂದು. 2023ರ ನವೆಂಬರ್ 18ರ ಬೆಳಿಗ್ಗೆ ಸಿಗರೇಟು ಬಿಟ್ಟೆ. ಆ ದಿನವನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಸಿಗರೇಟು ಬಿಟ್ಟವರಿಗೆ ಮೈ ಅತಿ ಹೆಚ್ಚು ಕಾಡುವುದು ಎರಡನೆಯ, ಮೂರನೆಯ ದಿನ. ಆ ಮೂರನೆಯ ದಿನ ಸರಿಯಾಗಿ 20ನೇ ತಾರೀಖಿಗೇ ಬೀಳಬೇಕು ಎಂಬುದು ನನ್ನ ಲೆಕ್ಕವಾಗಿತ್ತು.

ಯಾರೂ ಒಪ್ಪಲಿಲ್ಲ. "ಯಾವುದಾದರೂ ರಜೆಯಲ್ಲಿ ಬಿಡಿ, ಈಗ ಬಿಟ್ಟರೆ ಕಕ್ಷಿದಾರರ ಮೇಲೆ ರೇಗುತ್ತೀರಿ" ಎಂದು ಹೆಂಡತಿ ಹೇಳಿದಳು. ಚನ್ನಗಿರಿಯ ಭಾವಮೈದುನ ಒಂದು ವಾರವೂ ನಿಲ್ಲುವುದಿಲ್ಲ ಎಂದು ಎಲ್ಲರೆದುರೇ ಅಂದ. ವೈದ್ಯರೂ ಸ್ವಲ್ಪ ನೆಮ್ಮದಿಯ ವಾರ ನೋಡಿಕೊಳ್ಳಿ ಎಂದರು. ಎರಡು ವರ್ಷ ದಾಟಿತು, ಒಂದನ್ನೂ ಸೇದಿಲ್ಲ. ಅವರೆಲ್ಲರ ಮುಂದೆ ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ.

ರಜೆಯಲ್ಲಿ ಬಿಡುವ ಕೆಲಸವನ್ನು ನಾನು ಮೊದಲೇ ಮಾಡಿ ಸೋತಿದ್ದೆ. 2021ರಲ್ಲಿ ಮಲೆನಾಡಿನ ಒಂದು ಶಿಬಿರಕ್ಕೆ ಏಳು ದಿನಕ್ಕೆ ಹನ್ನೆರಡು ಸಾವಿರ ಕಟ್ಟಿ ಹೋಗಿದ್ದೆ. ಮೊಬೈಲ್ ಇಲ್ಲ, ಮಳೆ, ಗಂಜಿ ಊಟ, ಎರಡು ಹೊತ್ತು ಪ್ರಾಣಾಯಾಮ. ಎರಡು ದಿನ ತಲೆ ಸಿಡಿಯಿತು, ಆಮೇಲೆ ಸಿಗರೇಟಿನ ನೆನಪೇ ಬರಲಿಲ್ಲ. ಗೆದ್ದೆ ಅಂದುಕೊಂಡು ಸೋಮವಾರ ಕಚೇರಿಗೆ ಬಂದೆ. ಮೇಜಿನ ಮೇಲೆ ಒಬ್ಬ ಕಕ್ಷಿದಾರರಿಗೆ ಬಂದ ನೋಟಿಸ್ ಇತ್ತು. ಸಂಜೆ ನಾಲ್ಕಕ್ಕೆ ನಾನು ಕೆಳಗಿನ ಅಂಗಡಿಯಲ್ಲಿದ್ದೆ. ಶಿಬಿರದಲ್ಲಿ ನನ್ನ ಮೈ ಕಲಿತದ್ದು ಕಾಡಿನ ನಡುವೆ ಸೇದದೆ ಇರುವುದನ್ನು. ನೋಟಿಸ್ ಎದುರಿಗಿರುವಾಗ ಸೇದದೆ ಇರುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಅದಕ್ಕೂ ಮೊದಲು ಮೂರು ಸಲ ಬಿಟ್ಟಿದ್ದೆ. 2012ರಲ್ಲಿ ಮಗಳು ಹುಟ್ಟಿದಾಗ ಬರೀ ಹಟದಿಂದ ಹನ್ನೊಂದು ದಿನ. 2018ರಲ್ಲಿ ಮೂರೂವರೆ ಸಾವಿರ ಕೊಟ್ಟು ಇ-ಸಿಗರೇಟು ತಂದೆ. ಒಳಗೆ ಅದು, ಹೊರಗೆ ಇದು, ಎರಡೂ ನಡೆದವು. 2019ರಲ್ಲಿ ದೇಶದಲ್ಲೇ ಅದನ್ನು ನಿಷೇಧಿಸಿದರು, ನಾನು ಎಸೆದೆ. ಆಮೇಲಿನದು ಅಡಿಕೆಯ ಸಹವಾಸ. ಮಾವನ ಮನೆಯದು ಅಡಿಕೆ ತೋಟ, ಕೇಳಬೇಕೇ. ಎರಡು ತಿಂಗಳು ಸಿಗರೇಟಿಲ್ಲದೆ ಅಡಿಕೆ ಅಗಿದೆ. ಕೆನ್ನೆಯ ಒಳಗೆ ಉರಿ ಶುರುವಾಗಿ ದಂತವೈದ್ಯರಲ್ಲಿಗೆ ಹೋದರೆ, ಹೀಗೇ ಮುಂದುವರಿದರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ ಎಂದರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುವಂಥದ್ದು. ಸಿಗರೇಟು ಬಿಡಲು ಅದನ್ನು ಹಿಡಿಯಬೇಡಿ. ತೋಟದ ಮನೆಯವರಿಗೆ ಬೇಸರವಾದರೂ ಇದನ್ನು ಹೇಳಲೇಬೇಕು.

ಸಿಗರೇಟಿನ ಜೊತೆಗೇ ನನ್ನನ್ನು ಕಾಡಿದ ಗಾಬರಿಯ ವಿಷಯಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ, ಆಡಿಟ್ ವರದಿಗಳ ಗದ್ದಲದಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಎದೆ ಹಿಡಿದುಕೊಂಡಿತು. ಎಡಗೈ ಜೋಮು, ಬೆವರು, ಸತ್ತೇ ಹೋಗುತ್ತೇನೆ ಎಂಬ ಖಾತ್ರಿ. ಈಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಸೇರಿ ಆರು ಸಾವಿರದ ಹತ್ತಿರ ಖರ್ಚಾಯಿತು. ಹೃದಯ ಸರಿಯಾಗಿದೆ, ಇದು ಪ್ಯಾನಿಕ್, ಮನೋವೈದ್ಯರನ್ನು ನೋಡಿ ಎಂದು ಕಳಿಸಿದರು. ನಾಲ್ಕು ತಿಂಗಳು ಹೋಗಲಿಲ್ಲ. ಆ ನಾಲ್ಕು ತಿಂಗಳಲ್ಲಿ ದಿನಕ್ಕೆ ಹನ್ನೆರಡು ಇದ್ದದ್ದು ಹದಿನೆಂಟಾಯಿತು. ಗಾಬರಿಯಾದರೆ ಸೇದುವುದು, ಸೇದಿದೆನಲ್ಲ ಎಂದು ಮತ್ತೆ ಗಾಬರಿಯಾಗುವುದು.

ಕೊನೆಗೂ ಮನೋವೈದ್ಯರಲ್ಲಿಗೆ ಹೋದಾಗ ಅವರು ಎಸಿಟಲೋಪ್ರಾಮ್ ಎಂಬ ಗಾಬರಿ ತಗ್ಗಿಸುವ ಮಾತ್ರೆ ಬರೆದರು. ಅದು ನನ್ನ ಚೀಟಿ, ನಿಮ್ಮದಲ್ಲ. ನಿಮ್ಮದನ್ನು ನಿಮ್ಮ ವೈದ್ಯರೇ ಬರೆಯಬೇಕು. ಮೊದಲ ಹತ್ತು ದಿನ ಗಾಬರಿ ಇನ್ನೂ ಹೆಚ್ಚಾದಂತೆನಿಸಿತು, ಮುಂಚೆಯೇ ಹೇಳಿದ್ದರಿಂದ ತಡೆದುಕೊಂಡೆ. ಐದಾರು ವಾರಕ್ಕೆ ರಾತ್ರಿಯ ನಿದ್ದೆ ಹಿಂದಿರುಗಿತು. ಗಾಬರಿಗೆ ಚಿಕಿತ್ಸೆ ಮೊದಲು, ಸಿಗರೇಟು ಆಮೇಲೆ ಎಂಬುದು ನನ್ನ ಕ್ರಮ. ಹಿಂದಿನ ನಾಲ್ಕು ಸಲವೂ ನಾನು ಗಾಬರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನನ್ನ ನಿಜವಾದ ಕೆಲಸ ಶುರುವಾದದ್ದು ಕಿರ್ದಿಯಿಂದ. 2023ರ ಆಗಸ್ಟ್‌ನಲ್ಲಿ ಒಂದು ಉದ್ದನೆಯ ಖಾತೆ ಪುಸ್ತಕ ತೆಗೆದು ನಾಲ್ಕು ಅಂಕಣ ಹಾಕಿದೆ: ಸಮಯ, ಸೇದುವ ಮುನ್ನ ಗಾಬರಿ ಹತ್ತಕ್ಕೆ ಎಷ್ಟು, ಸೇದಿ ಹತ್ತು ನಿಮಿಷದ ನಂತರ ಎಷ್ಟು, ಕಾರಣ ಏನು. ಸೇದುವುದನ್ನು ಕಡಿಮೆ ಮಾಡಲಿಲ್ಲ, ಬರೆದೆ ಅಷ್ಟೇ. ಮೂರು ವಾರಕ್ಕೆ ಮುನ್ನೂರೈವತ್ತರಷ್ಟು ನಮೂದುಗಳಾದವು. ಕುಳಿತು ಕೂಡಿಸಿದಾಗ ಕಾರಣದ ಅಂಕಣ ಮೂರರಲ್ಲಿ ಎರಡು ಪಾಲು ಖಾಲಿ. ನೋಟಿಸ್ ಇಲ್ಲ, ಜಗಳವಿಲ್ಲ, ಫೋನಿಲ್ಲ, ಆದರೂ ಗಾಬರಿ ಆರು, ಏಳು. ಸಮಯದ ಅಂಕಣ ನೋಡಿದರೆ ಗುಟ್ಟು ಅಲ್ಲಿತ್ತು. ಕಕ್ಷಿದಾರರ ಮುಂದೆ ಕುಳಿತು ಒಂದೂಕಾಲು ಗಂಟೆ ಸೇದದೆ ಕಳೆದರೆ ಎದೆ ಢವಗುಟ್ಟುತ್ತಿತ್ತು. ಒತ್ತಡ ಎಂದು ನಾನು ಹೆಸರಿಟ್ಟಿದ್ದು ಬಹುಪಾಲು ಹಿಂದಿನ ಸಿಗರೇಟಿನ ಬಾಕಿ. ಸಾಲ ಕೊಟ್ಟವನೇ ಬಡ್ಡಿ ವಸೂಲಿಗೆ ಬಂದು ನಿಲ್ಲುತ್ತಿದ್ದ, ನಾನು ಅವನನ್ನೇ ಕಾಪಾಡುವವನು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹಿಡಿದವನಿಗೆ ತನ್ನ ಲೆಕ್ಕ ಅಂದು ತಿಳಿಯಿತು. ನನ್ನ ಮಾತು ನಂಬಬೇಡಿ, ನಿಮ್ಮದನ್ನು ನೀವೇ ಬರೆದು ನೋಡಿ.

ಮತ್ತೊಂದು ವಿಷಯ ಕಾಫಿ. ಇದನ್ನು ಯಾರೂ ಹೇಳುವುದಿಲ್ಲ. ಸಿಗರೇಟಿನ ಹೊಗೆ ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವುದು ನಿಂತರೆ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ, ಕುಡಿದ ಅದೇ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈನಡುಕ, ನಿದ್ದೆಗೇಡು, ಎದೆಬಡಿತ. ಬಿಟ್ಟಿದ್ದಕ್ಕೇ ಹೀಗಾಗುತ್ತಿದೆ ಎಂದು ಹೆದರಿ ಮತ್ತೆ ಸೇದುತ್ತೇವೆ. ನಾನು ದಿನಕ್ಕೆ ಆರು ಲೋಟ ಇದ್ದದ್ದನ್ನು ಬಿಡುವ ವಾರಕ್ಕೆ ಮೊದಲೇ ಮೂರಕ್ಕೆ ಇಳಿಸಿದೆ. ಎರಡನೆಯ ತಿಂಗಳು ಪರೀಕ್ಷೆಗೆಂದು ಮತ್ತೆ ಆರು ಕುಡಿದೆ. ಸಂಜೆಯ ಹೊತ್ತಿಗೆ ಕಿರ್ದಿಯಲ್ಲಿ ಗಾಬರಿ ಏಳು, ಕಾರಣ ಖಾಲಿ. ಮಾರನೆಯ ದಿನದಿಂದ ಮೂರೇ.

ಸಿಗರೇಟಿನ ಬದಲು ಬಾಯಲ್ಲಿಡುವ ನಿಕೋಟಿನ್ ಗಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳುತ್ತಲೇ ಸೇದುತ್ತಿದ್ದವನಾದ್ದರಿಂದ ನನಗೆ ಎರಡು ಮಿಲಿಗ್ರಾಂ ಸಾಲಲಿಲ್ಲ, ವೈದ್ಯರಿಂದ ನಾಲ್ಕರದು ಬರೆಸಿಕೊಂಡೆ. ಹಿಂದೊಮ್ಮೆ ಇದನ್ನು ಚಾಕೊಲೇಟಿನಂತೆ ಅಗಿದು, ಬಿಕ್ಕಳಿಕೆ ಬಂದು ಎಸೆದಿದ್ದೆ. ಮೆಣಸಿನ ಖಾರ ಬರುವವರೆಗೆ ಅಗಿದು ಕೆನ್ನೆಯಲ್ಲಿ ಒತ್ತಿಡಬೇಕು, ಖಾರ ಇಳಿದರೆ ಮತ್ತೆ ಎರಡು ಸಲ ಅಗಿಯಬೇಕು. ಕಾಫಿ ಕುಡಿದು ಕಾಲು ಗಂಟೆಯೊಳಗೆ ಹಾಕಿದರೆ ಸರಿಯಾಗಿ ಹತ್ತುವುದಿಲ್ಲ. ತಲಬು ಬಂದ ಮೇಲೆ ಹುಡುಕಬೇಡಿ, ಗಂಟೆಗೊಂದರಂತೆ ಮೊದಲೇ ಹಾಕಿಕೊಳ್ಳಿ.

ಕೆಳಗಿನ ಅಂಗಡಿಯವನೊಂದಿಗೆ ಒಂದು ಒಪ್ಪಂದ ಮಾಡಿಕೊಂಡೆ. ರಾಜ್ಯದಲ್ಲಿ ಬಿಡಿ ಸಿಗರೇಟು ಮಾರಬಾರದೆಂದು 2017ರಲ್ಲೇ ಆದೇಶವಾಗಿದೆ, ಆದರೂ ನಮ್ಮ ಬೀದಿಯಲ್ಲಿ ಸಿಗುವುದು ಬಿಡಿಯೇ. ಒಂದಕ್ಕೆ ಹದಿನೆಂಟು ರೂಪಾಯಿಯಂತೆ ದಿನಕ್ಕೆ ಮುನ್ನೂರಕ್ಕೂ ಮೇಲೆ ಅವನಿಗೆ ಕೊಡುತ್ತಿದ್ದವನು ನಾನು. ತಿಂಗಳಿಗೆ ಎಂಟುನೂರು ಮುಂಗಡ ಕೊಟ್ಟು ದಿನಕ್ಕೆ ಎರಡು ಸಲ ನಿಂಬೆ ಚಹಾ ಕುಡಿಯಲು ಬರುತ್ತೇನೆ, ಸಿಗರೇಟು ಕೇಳಿದರೆ ಕೊಡಬೇಡ ಎಂದೆ. ಮೆಟ್ಟಿಲು ಇಳಿಯುವುದು, ಆ ಬೆಂಚು, ಆ ಗೆಳೆಯರು, ಯಾವುದನ್ನೂ ಬಿಡಲಿಲ್ಲ. ಅಲ್ಲೇ ನಿಂತು ಬಿಡಬೇಕಿತ್ತು.

20ನೇ ತಾರೀಖು ಬಂತು. ಸಂಜೆ ಏಳು ಗಂಟೆ. ಬಟ್ಟೆ ಅಂಗಡಿಯ ಒಬ್ಬರು ಖರೀದಿ ಬಿಲ್ಲುಗಳನ್ನು ಕೈಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದರು. ಅರ್ಧದಷ್ಟು ಬಿಲ್ಲುಗಳು ಪೋರ್ಟಲ್‌ನ ಪಟ್ಟಿಗೆ ಹೊಂದುತ್ತಿರಲಿಲ್ಲ. ಬೆರಳ ತುದಿ ಜುಮ್ಮೆಂದಿತು, ಕಿವಿಯಲ್ಲಿ ಎದೆಬಡಿತ. ಕಿರ್ದಿ ತೆಗೆದು 7.04, ಗಾಬರಿ 9 ಎಂದು ಬರೆದೆ, ಅಕ್ಷರ ಸೊಟ್ಟಗಾಗಿತ್ತು. ಗಮ್ ಎಡಗೆನ್ನೆಯಲ್ಲಿ ಉರಿಯುತ್ತಿತ್ತು. ದೀರ್ಘ ಉಸಿರು ಎಳೆದುಕೊಳ್ಳಲಿಲ್ಲ. ಗಾಬರಿಯಲ್ಲಿ ಜೋರಾಗಿ ಎಳೆದರೆ ಜೋಮು ಹೆಚ್ಚುತ್ತದೆ. ಸ್ವಲ್ಪವೇ ಎಳೆದು, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಟ್ಟೆ. ಸಿಗರೇಟು ಸೇದುವಾಗ ನಾವು ಮಾಡುವುದೂ ಇದನ್ನೇ, ಹೊಗೆ ಸೇರಿಸಿ. ಬಿಲ್ಲುಗಳನ್ನು ತಾರೀಖಿನಂತೆ ಜೋಡಿಸುತ್ತಾ ಹೋದೆ. 7.15ಕ್ಕೆ 7. 7.26ಕ್ಕೆ 4. ಸಿಗರೇಟಿಲ್ಲದೆ ತಾನಾಗಿ ಇಳಿದ ಮೊದಲ ಒಂಬತ್ತು ಅದು. ಆ ಪುಟ ಈಗಲೂ ನನ್ನ ಬಳಿ ಇದೆ. ಗಾಬರಿಯ ನಡುವೆ ಬಿಟ್ಟಿದ್ದಕ್ಕೆ ಸಿಕ್ಕಿದ ಈ ಪುಟ ರಜೆಯಲ್ಲಿ ಸಿಗುತ್ತಿರಲಿಲ್ಲ.

ಐದನೆಯ ದಿನ ಪ್ಯಾಕೆಟ್ ಮೇಲೆ ಅಚ್ಚಾಗಿರುವ, ತಂಬಾಕು ಬಿಡುವವರ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಉಪದೇಶ ಮಾಡಲಿಲ್ಲ, ಮುಂದಿನ ವಾರ ಅವರೇ ಕರೆ ಮಾಡಿದರು. ಬಾಯಿಹುಣ್ಣು ಹತ್ತು ದಿನ, ಮಲಬದ್ಧತೆ ಮೂರು ವಾರ ಇತ್ತು. ಇವೂ ಬಿಟ್ಟಿದ್ದರ ಭಾಗ, ಹೆದರಬೇಡಿ. ತೂಕ ಐದು ಕೆಜಿ ಏರಿತು, ಕುಂದವಾಡ ಕೆರೆ ಸುತ್ತಿ ಎರಡು ಇಳಿಸಿದ್ದೇನೆ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ತುಳಸಿಯ ಮೂಲಿಕೆ ಸಿಗರೇಟಿಗೆ ಹೋದ ಎಂಟುನೂರು ರೂಪಾಯಿ ದಂಡ. ಯಾವ ಎಲೆ ಸುಟ್ಟರೂ ಹೊಗೆಯಲ್ಲಿ ಟಾರ್ ಇರುತ್ತದೆ. ಲವಂಗದಿಂದ ನಾಲಿಗೆ ಸುಟ್ಟಿತು. ಸೋಂಪು ಪರವಾಗಿಲ್ಲ. ತಣ್ಣೀರಿನಲ್ಲಿ ಮುಖ ಅದ್ದುವುದು ನಿಜಕ್ಕೂ ಕೆಲಸ ಮಾಡಿತು. ಬೆಳಿಗ್ಗೆ ಎದ್ದ ಮೊದಲ ಐದು ನಿಮಿಷ ಏನು ಮಾಡುತ್ತೇನೆ, ಮೇಜಿನ ಡ್ರಾಯರ್‌ನಲ್ಲಿರುವ ಚೀಟಿಯಲ್ಲಿ ಏನಿದೆ ಎಂಬ ಎರಡನ್ನು ಮಾತ್ರ ಬರೆಯುವುದಿಲ್ಲ. ಅವು ನನ್ನವು.

ಖರ್ಚು ನೆನಪಿನಿಂದ ಹೇಳುವುದಾದರೆ ಗಮ್‌ಗೆ ಮೂರು ತಿಂಗಳಿಗೆ ಹತ್ತು ಸಾವಿರ, ವೈದ್ಯರು ಮತ್ತು ಮಾತ್ರೆಗೆ ವರ್ಷಕ್ಕೆ ಏಳು ಸಾವಿರ. ಸಿಗರೇಟಿಗೆ ವರ್ಷಕ್ಕೆ ಒಂದು ಲಕ್ಷದ ಮೇಲೆ ಹೋಗುತ್ತಿತ್ತು. ಮಾತ್ರೆಯನ್ನು ಒಂದು ವರ್ಷದ ನಂತರ ವೈದ್ಯರೇ ಎರಡು ತಿಂಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಒಮ್ಮೆಗೇ ನಿಲ್ಲಿಸಬೇಡಿ.

2024ರ ಮಾರ್ಚ್ ಕೊನೆಯಲ್ಲಿ ನನ್ನದೇ ತಪ್ಪಿನಿಂದ ಒಬ್ಬರಿಗೆ ಎರಡು ಲಕ್ಷದ ಚಿಲ್ಲರೆ ದಂಡ ಬಿತ್ತು. ಕೆಳಗಿಳಿದು ಹೋಗಿ ಒಂದು ಕೊಡು ಎಂದು ಕೈ ಚಾಚಿದೆ. ಅಂಗಡಿಯವನು ಏನೂ ಮಾತಾಡದೆ ನಿಂಬೆ ಚಹಾ ಇಟ್ಟ. ಬೆಂಚಿನ ಮೇಲೆ ಕುಳಿತು ಅದನ್ನು ಕುಡಿದು ಮೇಲೆ ಹೋಗಿ ಆ ಕಕ್ಷಿದಾರರಿಗೆ ಫೋನ್ ಮಾಡಿದೆ.